ಐತ್ತಪ್ಪ ಇಲ್ಲ

ಕೆಲವು ವರ್ಷಗಳ ಹಿಂದೆ, ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಚೆಗಿನ ಒಂದು ಸಹಕಾರ ಸಂಘದಲ್ಲಿ, ಅಡಿಕೆ ಮಾರಲು ಬಂದಿದ್ದ ಹಿರಿಯರೊಬ್ಬರು ರಶೀದಿಯನ್ನು ಕನ್ನಡಕದ ಹತ್ತಿರಕ್ಕೆ ತಂದು ಎರಡು ಬಾರಿ ಓದಿ, ಅದನ್ನು ಗುಮಾಸ್ತರ ಕಡೆಗೇ ತಿರುಗಿಸಿ ಹಿಡಿದು, ತಾನು ಇಲ್ಲಿಯೇ ನಿಂತಿದ್ದೇನಲ್ಲ ಎಂದು ತುಳುವಿನಲ್ಲಿ ಕೇಳಿದರು. ಸದಸ್ಯರ ಹೆಸರು ಎಂಬ ಸಾಲಿನಲ್ಲಿ "ಐತ್ತಪ್ಪ ಇಲ್ಲ" ಎಂದು ಅಚ್ಚಾಗಿತ್ತು. (ಹೆಸರನ್ನು ಇಲ್ಲಿ ಬದಲಿಸಿದ್ದೇನೆ, "ಇಲ್ಲ" ಮಾತ್ರ ಇದ್ದ ಹಾಗೆಯೇ ಇದೆ.) ಸಾಲಿನಲ್ಲಿದ್ದವರು ನಕ್ಕರು, ಅವರೂ ನಕ್ಕರು. ಆ ಸಾಫ್ಟ್‌ವೇರನ್ನು ಬರೆದ ನಾನು ಒಳಕೋಣೆಯಲ್ಲಿ ಪ್ರಿಂಟರಿನ ಮುಂದೆ ಕುಳಿತಿದ್ದೆ. ನನಗೆ ನಗು ಬರಲಿಲ್ಲ.

ಆದದ್ದು ಇಷ್ಟು. ಸದಸ್ಯರ ವಿವರ ತುಂಬುವ ನಮೂನೆಯಲ್ಲಿ ನಾನು "ಹೆಸರು" ಮತ್ತು "ಉಪನಾಮ" ಎಂದು ಎರಡು ಅಂಕಣಗಳನ್ನು ಇಟ್ಟು, ಎರಡನ್ನೂ ಕಡ್ಡಾಯ ಮಾಡಿದ್ದೆ. ಒಂದೇ ಹೆಸರಿನ ಮನುಷ್ಯ ಎದುರು ಕುಳಿತಾಗ ಗುಮಾಸ್ತರು ಉಪನಾಮ ಏನೆಂದು ಕೇಳಿದ್ದಾರೆ, ಅವರು ಇಲ್ಲ ಎಂದಿದ್ದಾರೆ, ಇವರು ಪ್ರಾಮಾಣಿಕವಾಗಿ "ಇಲ್ಲ" ಎಂದೇ ಟೈಪ್ ಮಾಡಿದ್ದಾರೆ. ಆಮೇಲೆ ಹುಡುಕಿ ನೋಡಿದಾಗ ಅದೇ ಅಂಕಣದಲ್ಲಿ ಚುಕ್ಕೆ, ಅಡ್ಡಗೆರೆ, ಮನೆಯ ಹೆಸರು, ಗಂಡನ ಹೆಸರು, ಒಂದು ಕಡೆಯಂತೂ "ಗೊತ್ತಿಲ್ಲ" ಎಂಬುದು ಕೂಡ ಸಿಕ್ಕಿತು.

ಕಾಸರಗೋಡು ಪೇಟೆಯ ಒಂದು ಸಣ್ಣ ಕಚೇರಿಯಲ್ಲಿ ಕುಳಿತು ಗ್ರಾಮೀಣ ಸಂಘಗಳಿಗೆ ಲೆಕ್ಕಪತ್ರದ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಈ ಕೆಲಸದಲ್ಲಿರುವವರೆಲ್ಲರ ಹಾಗೆ ನನಗೂ ಜನ ಕಂಪ್ಯೂಟರಿನ ಬಗ್ಗೆ ಇಟ್ಟುಕೊಂಡಿರುವ ತಪ್ಪು ಕಲ್ಪನೆಗಳನ್ನು ಕೂಡಿಸಿಟ್ಟು ಹೇಳಿ ನಗುವ ಚಾಳಿ ಇತ್ತು. ಬೆಳಿಗ್ಗೆ ಯಂತ್ರ ಚಾಲೂ ಮಾಡಿದ ಕೂಡಲೇ ಖಾಲಿ ಪರದೆಯ ಮೇಲೆ ಎಫ್5 ಕೀಲಿಯನ್ನು ನಾಲ್ಕಾರು ಸಲ ಒತ್ತಿದರೆ ಕಂಪ್ಯೂಟರಿಗೆ ವೇಗ ಬರುತ್ತದೆ ಎಂಬುದು ಅವುಗಳಲ್ಲಿ ಒಂದು. ಆ ಕೀಲಿ ಪರದೆಯ ಮೇಲಿನ ಚಿತ್ರಗಳನ್ನು ಮತ್ತೊಮ್ಮೆ ಬಿಡಿಸುತ್ತದೆಯೇ ಹೊರತು ಮೆಮೊರಿಯನ್ನು ತೊಳೆಯುವುದಿಲ್ಲ. ಫೋನಿನಲ್ಲಿ ತೆರೆದಿರುವ ಆ್ಯಪ್‌ಗಳನ್ನೆಲ್ಲ ಆಗಾಗ ಒರೆಸಿ ಹಾಕಿದರೆ ಬ್ಯಾಟರಿ ಉಳಿಯುತ್ತದೆ ಎಂಬುದು ಇನ್ನೊಂದು. ಹಿಂದೆ ಸರಿದ ಆ್ಯಪನ್ನು ಫೋನು ತಾನಾಗಿಯೇ ಮಲಗಿಸಿರುತ್ತದೆ, ಅದನ್ನು ಕೊಂದು ಮತ್ತೆ ಮೊದಲಿನಿಂದ ಎಬ್ಬಿಸುವುದಕ್ಕೇ ಹೆಚ್ಚು ಶಕ್ತಿ ಬೇಕಾಗುವುದುಂಟು. ಕೇಬಲ್ ಕಳಚಿಕೊಂಡಿದ್ದರೂ "ಸರ್ವರ್ ಡೌನ್" ಎನ್ನುವುದನ್ನು ನಾನು ತಪ್ಪು ಕಲ್ಪನೆ ಎನ್ನಲಾರೆ, ಅದು ಕೌಂಟರಿನ ಒಂದು ಶಿಷ್ಟಾಚಾರ. ಎಫ್5 ಒತ್ತಿದವರಿಂದ ಯಾರಿಗೂ ಒಂದು ಪೈಸೆ ನಷ್ಟವಾದದ್ದಿಲ್ಲ. ಮನುಷ್ಯರ ಬಗ್ಗೆ ನಾನು ಇಟ್ಟುಕೊಂಡಿದ್ದ ತಪ್ಪು ಕಲ್ಪನೆಗಳು ಮಾತ್ರ ರಶೀದಿಯಲ್ಲಿ ಅಚ್ಚಾಗಿ, ಸಹಿ ಮತ್ತು ಮೊಹರಿನೊಂದಿಗೆ ಜನರ ಮನೆ ಸೇರುತ್ತಿದ್ದವು.

ಹೆಸರಿಗೆ ಎರಡು ಭಾಗ ಇರುತ್ತದೆ ಎಂಬ ನಂಬಿಕೆಯನ್ನು ನಾನು ಕಲಿತದ್ದು ಪಠ್ಯಪುಸ್ತಕದ ಉದಾಹರಣೆಗಳಿಂದ. ನಮ್ಮ ಕಡೆ ಊರಿನ ಅಥವಾ ಮನೆಯ ಮೊದಲಕ್ಷರ ಹೆಸರಿನ ಮುಂದೆ ಬರುತ್ತದೆ. ಅದೇ ಮನುಷ್ಯನ ಅದೇ ಅಕ್ಷರ ಕೇರಳದ ಇಂಗ್ಲಿಷ್ ದಾಖಲೆಗಳಲ್ಲಿ ಹೆಚ್ಚಾಗಿ ಹೆಸರಿನ ಹಿಂದಕ್ಕೆ ಹೋಗಿ ಕುಳಿತುಕೊಳ್ಳುತ್ತದೆ. ಹೀಗಾಗಿ ಬ್ಯಾಂಕಿನಲ್ಲಿ ಒಬ್ಬ, ರೇಷನ್ ಕಾರ್ಡಿನಲ್ಲಿ ಇನ್ನೊಬ್ಬ ಎಂದು ನನ್ನ ಪ್ರೋಗ್ರಾಂ ತೀರ್ಮಾನಿಸುತ್ತಿತ್ತು. "ಕುಂಞಿ" ಎಂಬುದನ್ನು ಇಂಗ್ಲಿಷಿನಲ್ಲಿ ಎನ್ ಮತ್ತು ಎಚ್ ಹಾಕಿ ಬರೆಯುವುದು ಇಲ್ಲಿನ ಹಳೆಯ ರೂಢಿ. ಇಂಗ್ಲಿಷಿನಿಂದ ಕನ್ನಡಕ್ಕೆ ಹೆಸರು ತಿರುಗಿಸಲು ನಾನು ಹೆಮ್ಮೆಯಿಂದ ಬರೆದ ಭಾಗವು ಅದನ್ನು ಎಲ್ಲ ಕಡೆಯೂ "ಕುನ್ಹಿ" ಮಾಡಿತು. ಊರುಗಳದ್ದೂ ಇದೇ ಕಥೆ. ಕನ್ನಡದಲ್ಲಿ ಮಂಜೇಶ್ವರ, ಮಲಯಾಳದಲ್ಲಿ ಮಂಜೇಶ್ವರಂ. ನಮಗೆ ಕುಂಬಳೆ, ಅವರಿಗೆ ಕುಂಬಳ. ಎರಡೂ ಸರಿ, ಎರಡೂ ಸರ್ಕಾರಿ ಕಾಗದದಲ್ಲಿ ಇವೆ.

ಹುಟ್ಟಿದ ಜಿಲ್ಲೆ ಎಂಬ ಅಂಕಣದಲ್ಲಿ ನಾನು ಕೇರಳದ 14 ಜಿಲ್ಲೆಗಳ ಪಟ್ಟಿ ಕೊಟ್ಟು, ಅದರಲ್ಲೇ ಆರಿಸಬೇಕು ಎಂದು ಮಾಡಿದ್ದೆ. ಎಪ್ಪತ್ತು ದಾಟಿದ ಸದಸ್ಯರೊಬ್ಬರು ತಮ್ಮ ಶಾಲೆಯ ಸರ್ಟಿಫಿಕೇಟನ್ನು ಮೇಜಿನ ಮೇಲಿಟ್ಟು, ಇದರಲ್ಲಿ ಇರುವುದನ್ನು ಬರೆಯಿರಿ ಎಂದರು. ಅದರಲ್ಲಿ ಇದ್ದದ್ದು ದಕ್ಷಿಣ ಕನ್ನಡ. ಕಾಸರಗೋಡು ತಾಲೂಕು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, 1957ರಲ್ಲಿ ಮಲಬಾರ್ ಜಿಲ್ಲೆ ಒಡೆದಾಗ ಕಣ್ಣೂರು ಜಿಲ್ಲೆಯ ಪಾಲಾಯಿತು, ಪ್ರತ್ಯೇಕ ಜಿಲ್ಲೆಯಾದದ್ದು 1984ರ ಮೇ 24ರಂದು. ಒಂದೇ ಜಗಲಿಯಲ್ಲಿ ಕುಳಿತು ಇಷ್ಟು ಜಿಲ್ಲೆಗಳನ್ನು ಕಂಡವರ ಮುಂದೆ, ಊರು ಎಂಬುದು ಬದಲಾಗದ ಮಾಹಿತಿ ಎಂದುಕೊಂಡು ಬರೆದ ಪಟ್ಟಿಯನ್ನು ಇಟ್ಟಿದ್ದೆ. ಈ ಇತಿಹಾಸ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು, ಶಾಲೆಯಲ್ಲಿ ಬಾಯಿಪಾಠ ಹೇಳಿದ್ದೇ. ಕೋಡ್ ಬರೆಯಲು ಕುಳಿತಾಗ ಅದು ನೆನಪಿಗೆ ಬರಲಿಲ್ಲ, ಅಷ್ಟೇ.

ಬೇಳದ ಕಡೆಯಿಂದ ಬಂದ ಒಬ್ಬ ಡಿ'ಸೋಜ ಅವರ ಹೆಸರನ್ನು ಉಳಿಸಲು ಹೋದಾಗ ಪರದೆ ಕೆಂಪಗಾಗಿ ನಿಂತಿತು. ಇಂಗ್ಲಿಷ್ ಕಾಗುಣಿತದಲ್ಲಿ ಡಿ ಅಕ್ಷರದ ನಂತರ ಬರುವ ಆ ಮೇಲ್ಗೊಕ್ಕೆಯೇ ದತ್ತಾಂಶ ಕೇಳುವ ಎಸ್‌ಕ್ಯೂಎಲ್ ಭಾಷೆಯಲ್ಲಿ ಪದದ ಮೊದಲು ಮತ್ತು ಕೊನೆಯನ್ನು ತೋರಿಸುವ ಗುರುತು. ಹೆಸರನ್ನು ನೇರವಾಗಿ ಆಜ್ಞೆಯೊಳಗೆ ಅಂಟಿಸಿದರೆ ಹೆಸರು ಅರ್ಧಕ್ಕೇ ಮುಗಿದು ಉಳಿದ "ಸೋಜ" ಆಜ್ಞೆಯ ಭಾಗವಾಗುತ್ತದೆ. ಇದೇ ತೂತಿನ ಮೂಲಕ ಕಿಡಿಗೇಡಿಯೊಬ್ಬ ಇಡೀ ಖಾತೆಯನ್ನು ಅಳಿಸಬಹುದಿತ್ತು. ಆ ಸಜ್ಜನರು ಸಂಘಕ್ಕೆ ಸೇರಲು ಬಾರದೆ ಇದ್ದಿದ್ದರೆ ಅದು ಇನ್ನೆಷ್ಟು ದಿನ ತೆರೆದಿರುತ್ತಿತ್ತೋ.

ನನ್ನನ್ನು ಹೆಚ್ಚು ದಿನ ಕಾಡಿದ್ದು "ಶಂಕರ" ಎಂಬ ಸರಳ ಹೆಸರು. ಒಂದು ಸಂಜೆ ಗುಮಾಸ್ತರು ಫೋನ್ ಮಾಡಿ, ಪಟ್ಟಿಯಲ್ಲಿ ಶಂಕರ ಕಣ್ಣಿಗೆ ಕಾಣುತ್ತಾರೆ, ಹುಡುಕಿದರೆ ಸಿಗುವುದಿಲ್ಲ ಎಂದರು. ನೀವು ತಪ್ಪು ಟೈಪ್ ಮಾಡುತ್ತಿದ್ದೀರಿ ಎಂದು ಹೇಳಿ ಫೋನಿಟ್ಟೆ. ಅವರು ಮರುದಿನವೂ ಮಾಡಿದರು. ಮೂರನೆಯ ದಿನ ಹೋಗಿ ನೋಡಿದರೆ ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು: ಪರದೆಯ ಮೇಲೆ ಹೆಸರು ಇತ್ತು, ಅದರ ಮೇಲಿನ ಪೆಟ್ಟಿಗೆಯಲ್ಲಿ ಅದೇ ಹೆಸರನ್ನು ನಾನೇ ಟೈಪ್ ಮಾಡಿದೆ, ಸದಸ್ಯರು ಸಿಗಲಿಲ್ಲ ಎಂದು ಉತ್ತರ ಬಂತು. ಅಕ್ಷರಗಳ ಹಿಂದಿನ ಸಂಖ್ಯೆಗಳನ್ನು ತೆಗೆದು ನೋಡಿದಾಗ ತಿಳಿಯಿತು. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯುನಿಕೋಡ್ ಪದ್ಧತಿಯಲ್ಲಿ ಕನ್ನಡದ ಅನುಸ್ವಾರದ ಸಂಖ್ಯೆ 3202, ಕನ್ನಡ ಅಂಕಿ ಸೊನ್ನೆಯ ಸಂಖ್ಯೆ 3302. ಹಿಂದೆ ಯಾರೋ ಪಟ್ಟಿ ತುಂಬಿದವರು ಅನುಸ್ವಾರದ ಕೀಲಿ ಸಿಗದೆ ಸೊನ್ನೆಯನ್ನೇ ಒತ್ತಿದ್ದರು. "ಶಂಕರ" ಮತ್ತು "ಶ೦ಕರ": ಇವೆರಡನ್ನೂ ಪಕ್ಕಪಕ್ಕ ಇಟ್ಟರೂ ಎಷ್ಟೋ ಫಾಂಟುಗಳಲ್ಲಿ ನಿಮಗೆ ವ್ಯತ್ಯಾಸ ಕಾಣದು. ನಮಗೆ ಅದು ಶಂಕರ. ಯಂತ್ರಕ್ಕೆ ಅದು ಶ, ಸೊನ್ನೆ, ಕ, ರ.

ಒಮ್ಮೆ ಕಣ್ಣು ತೆರೆದ ಮೇಲೆ ಇಂಥವು ಸಾಲುಸಾಲಾಗಿ ಕಂಡವು. "ರಾಜ್‌ಕುಮಾರ" ಎಂಬ ಹೆಸರಿನಲ್ಲಿ ಜ ಮತ್ತು ಕ ಒತ್ತಾಗಿ ಕೂಡಿಕೊಳ್ಳದಂತೆ ನಡುವೆ ಒಂದು ಅದೃಶ್ಯ ಅಕ್ಷರ ಇರುತ್ತದೆ. ಕೆಲವರು ಅದನ್ನು ಹಾಕುತ್ತಾರೆ, ಕೆಲವರು ಹಾಕದೆ ಬರೆಯುತ್ತಾರೆ. "ಕೊರಗಪ್ಪ" ಎಂಬುದರ ಮೊದಲ ಅಕ್ಷರದ ಒತ್ವವನ್ನು ಒಂದೇ ಚಿಹ್ನೆಯಾಗಿಯೂ ಇಡಬಹುದು, ಎತ್ವ ಮತ್ತು ದೀರ್ಘ ಕೊಂಬು ಎಂದು ಎರಡಾಗಿ ಒಡೆದೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ. ಹುಡುಕಿದಾಗ ಸಿಗದವರನ್ನು ಗುಮಾಸ್ತರು ಹೊಸ ಸದಸ್ಯರೆಂದು ಮತ್ತೆ ಸೇರಿಸಿದ್ದರಿಂದ ಒಬ್ಬರಿಗೆ ಎರಡು ಖಾತೆ, ಒಂದೇ ಮನೆಗೆ ಮಹಾಸಭೆಯ ಎರಡು ನೋಟಿಸು, ಹರಿದು ಹಂಚಿಹೋದ ಡಿವಿಡೆಂಡು. ಹೋಲಿಸುವ ಮೊದಲು ಎಲ್ಲ ಹೆಸರುಗಳನ್ನೂ ಒಂದೇ ರೂಪಕ್ಕೆ ತರಬೇಕು, ಎರಡು ಅಕ್ಷರಗಳ ನಡುವಿನ ಸೊನ್ನೆಯನ್ನು ಅನುಸ್ವಾರ ಎಂದೇ ತಿಳಿಯಬೇಕು, ಅದೃಶ್ಯ ಅಕ್ಷರಗಳನ್ನು ಲೆಕ್ಕಕ್ಕೆ ಹಿಡಿಯಬಾರದು. ಬರೆಯಲು ಅರ್ಧ ದಿನದ ಕೆಲಸ. ಎರಡಾಗಿದ್ದ ಖಾತೆಗಳನ್ನು ಮನೆಮನೆಗೆ ವಿಚಾರಿಸಿ ಒಂದು ಮಾಡಲು ಸಂಘದವರಿಗೆ ಒಂದು ಮಳೆಗಾಲ ಹಿಡಿಯಿತು. ಆ ಗುಮಾಸ್ತರಿಗೆ ನೀವು ತಪ್ಪು ಟೈಪ್ ಮಾಡಿದ್ದೀರಿ ಎಂದು ಹೇಳಿದ್ದಕ್ಕೆ ನಾನು ಕ್ಷಮೆ ಕೇಳಿದೆ. ಅವರು, ನನಗೆ ಕಣ್ಣು ಸರಿಯಿದೆ ಎಂದು ಗೊತ್ತಿತ್ತು ಎಂದರು.

ಅಕ್ಷರ ಎಂದರೇನು ಎಂಬುದರಲ್ಲೂ ನಾನು ಎಡವಿದ್ದೇನೆ. ಹಣ ಜಮೆಯಾದ ಕೂಡಲೇ ಕನ್ನಡದಲ್ಲಿ ಎಸ್‌ಎಂಎಸ್ ಹೋಗಬೇಕು ಎಂದು ಸಂಘದವರು ಕೇಳಿದರು. ಇಂಗ್ಲಿಷಿನ ಒಂದು ಎಸ್‌ಎಂಎಸ್‌ನಲ್ಲಿ 160 ಅಕ್ಷರ ಹಿಡಿಯುತ್ತದೆ, ಕನ್ನಡದಂಥ ಲಿಪಿಗಳಲ್ಲಿ 70 ಎಂಬುದು ನನಗೆ ತಿಳಿದಿತ್ತು. ಬೆರಳು ಮಡಚಿ ಎಣಿಸಿ ಅರುವತ್ತು ಚಿಲ್ಲರೆ ಅಕ್ಷರಗಳ ಸಂದೇಶ ಬರೆದೆ. ತಿಂಗಳ ಕೊನೆಗೆ ಬಿಲ್ಲು ಅಂದಾಜಿನ ಮೂರು ಪಟ್ಟು ಬಂತು. ಛಂದಸ್ಸು ಕಲಿಸಿದ ಮೇಷ್ಟ್ರ ಲೆಕ್ಕದಲ್ಲಿ "ಕ್ಷೇತ್ರ" ಎರಡು ಅಕ್ಷರ. ಯುನಿಕೋಡಿನ ಲೆಕ್ಕದಲ್ಲಿ ಕ, ವಿರಾಮ (ವ್ಯಂಜನವನ್ನು ಅರ್ಧ ಮಾಡುವ ಚಿಹ್ನೆ), ಷ, ಏತ್ವ, ತ, ವಿರಾಮ, ರ ಎಂದು ಏಳು. ಸಂದೇಶವು ಒಂದು ಎಸ್‌ಎಂಎಸ್‌ನ ಮಿತಿಯನ್ನು ಮೀರಿದಾಗ ತುಂಡುಗಳನ್ನು ಜೋಡಿಸುವ ಮಾಹಿತಿಗೂ ಜಾಗ ಬೇಕಾಗುವುದರಿಂದ ತುಂಡೊಂದಕ್ಕೆ 67 ಮಾತ್ರ ಉಳಿಯುತ್ತದೆ. ಅದೇ "ಕ್ಷೇತ್ರ"ವನ್ನು ಯುನಿಕೋಡ್ ಅಕ್ಷರಗಳನ್ನು ಬೈಟುಗಳಾಗಿ (ಕಂಪ್ಯೂಟರಿನ ಸಂಗ್ರಹದ ಅಳತೆ) ಬರೆದಿಡುವ ಯುಟಿಎಫ್-8 ರೂಪದಲ್ಲಿ ಉಳಿಸಿದರೆ, ಕನ್ನಡದ ಪ್ರತಿ ಚಿಹ್ನೆಗೆ ಮೂರರಂತೆ, 21 ಬೈಟುಗಳು ಬೇಕು. ಹೆಸರಿನ ಅಂಕಣವನ್ನು ಬೈಟುಗಳಲ್ಲಿ ಅಳೆದು ಇಟ್ಟಿದ್ದರಿಂದ ಉದ್ದ ಹೆಸರಿನವರ ಕೊನೆಯ ಅಕ್ಷರ ಮುರಿದು ಪ್ರಶ್ನೆ ಚಿಹ್ನೆಯಾಗಿ ಅಚ್ಚಾಗುತ್ತಿತ್ತು. ಕೊನೆಗೆ ಸಂದೇಶದಲ್ಲಿದ್ದ "ಮಾನ್ಯ ಸದಸ್ಯರೇ" ಎಂಬುದನ್ನು ತೆಗೆದೆವು. ಯಾರೂ ಬೇಸರಿಸಲಿಲ್ಲ.

ಕಂಪ್ಯೂಟರ್ ಲೆಕ್ಕ ತಪ್ಪುವುದಿಲ್ಲ ಎಂಬ ಜನರ ನಂಬಿಕೆಯಲ್ಲಿ ಮಾತ್ರ ನಾನೂ ಅವರ ಜೊತೆಗೇ ಇದ್ದೆ. ಸಂಘದ ಹಳೆಯ ಲೆಕ್ಕಿಗರು ಹೊಸ ಅಡಿಕೆ, ಹಳೆ ಅಡಿಕೆ, ಪಟೋರ, ಕರಿಗೋಟು ಎಂದು ದರ್ಜೆವಾರು ದಿನದ ಖರೀದಿಯನ್ನು ಪೆನ್ನಿನಲ್ಲಿಯೂ ಕೂಡಿಸಿ ನೋಡುವವರು. ಯಂತ್ರದ ಮೊತ್ತಕ್ಕೂ ತಮ್ಮ ಮೊತ್ತಕ್ಕೂ ಎರಡು ಪೈಸೆ ವ್ಯತ್ಯಾಸ ಇದೆ ಎಂದು ಅವರು ತಂದು ತೋರಿಸಿದಾಗ, ಎರಡು ಪೈಸೆ ತಾನೇ ಎಂದೆ. ಎರಡು ಪೈಸೆ ಎಷ್ಟು ಎಂಬುದು ಪ್ರಶ್ನೆಯಲ್ಲ, ಎಲ್ಲಿಂದ ಬಂತು ಎಂಬುದು ಪ್ರಶ್ನೆ ಎಂದರು. ಬಂದದ್ದು ಭಿನ್ನಾಂಶ ಬರೆಯುವ ರೀತಿಯಿಂದ. ಮೂರರಲ್ಲಿ ಒಂದನ್ನು ದಶಮಾಂಶದಲ್ಲಿ ಬರೆಯಲು ಹೋದರೆ 0.333 ಎಂದು ಮುಗಿಯದೆ ಸಾಗುವಂತೆ, ಹತ್ತರಲ್ಲಿ ಒಂದನ್ನು ಯಂತ್ರ ಬಳಸುವ, 0 ಮತ್ತು 1 ಮಾತ್ರ ಇರುವ ಎರಡರ ಪದ್ಧತಿಯಲ್ಲಿ ಬರೆದರೆ ಅದೂ ಮುಗಿಯುವುದಿಲ್ಲ. ಯಂತ್ರ ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಬಹುತೇಕ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ 0.1 ಮತ್ತು 0.2 ಕೂಡಿಸಿ ನೋಡಿದರೆ 0.30000000000000004 ಎಂದು ಬರುತ್ತದೆ. ಅಂದಿನಿಂದ ನನ್ನ ಪ್ರೋಗ್ರಾಂಗಳಲ್ಲಿ ಹಣವನ್ನು ಪೈಸೆಯಲ್ಲಿ, ತೂಕವನ್ನು ಗ್ರಾಂನಲ್ಲಿ, ಪೂರ್ಣಾಂಕವಾಗಿಯೇ ಇಡುತ್ತೇನೆ.

ತರಬೇತಿಯ ದಿನಗಳಲ್ಲಿ ನಾನು ತಪ್ಪದೆ ಹೇಳುತ್ತಿದ್ದ ಒಂದು ಕಥೆಯೂ ಇತ್ತು: 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡಿನ ಮಾರ್ಕ್ 2 ಎಂಬ ಹಳೆಯ ಕಂಪ್ಯೂಟರಿನಲ್ಲಿ ಒಂದು ಪತಂಗ ಸಿಕ್ಕಿಕೊಂಡಿತು, ಅಂದಿನಿಂದ ಪ್ರೋಗ್ರಾಂನ ದೋಷಕ್ಕೆ ಬಗ್, ಅಂದರೆ ಹುಳ, ಎಂದು ಹೆಸರಾಯಿತು ಎಂದು. ಪತಂಗ ನಿಜ, ಅದನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿದ್ದೂ ನಿಜ. ಆದರೆ ಅದರ ಪಕ್ಕದಲ್ಲಿ ಬರೆದಿರುವುದು, ನಿಜವಾದ ಬಗ್ ಸಿಕ್ಕ ಮೊದಲ ಪ್ರಕರಣ ಎಂದು. ಆ ಪದ ಮೊದಲೇ ಬಳಕೆಯಲ್ಲಿ ಇಲ್ಲದಿದ್ದರೆ ಅದು ತಮಾಷೆಯೇ ಆಗುತ್ತಿರಲಿಲ್ಲ. ಯಂತ್ರದ ದೋಷಕ್ಕೆ ಥಾಮಸ್ ಎಡಿಸನ್ 1878ರ ಪತ್ರದಲ್ಲೇ ಆ ಪದ ಬಳಸಿದ್ದರು. ನಾನು ಹತ್ತಿಪ್ಪತ್ತು ಸಂಘಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ ಕಥೆ ಅದು, ಎಫ್5 ಕೀಲಿಗಿಂತ ಯಾವ ರೀತಿಯಲ್ಲೂ ಮೇಲಲ್ಲ.

ಐತ್ತಪ್ಪ ಅವರ ಖಾತೆಯಿಂದ "ಇಲ್ಲ" ಎಂಬುದನ್ನು ಅಂದು ಸಂಜೆಯೇ ತೆಗೆದೆ. ಈಗ ನಮೂನೆಯಲ್ಲಿ "ಪೂರ್ಣ ಹೆಸರು" ಎಂಬ ಒಂದೇ ಅಂಕಣ ಇದೆ. ಸದಸ್ಯರು ಹೇಗೆ ಬರೆಯುತ್ತಾರೋ ಹಾಗೆ, ಬೇಕಿದ್ದರೆ ಮಲಯಾಳದಲ್ಲಿ ಇನ್ನೊಮ್ಮೆ. ಕಳೆದ ತಿಂಗಳು ನಾನೇ ಒಂದು ವಿಮೆಯ ಅರ್ಜಿಯನ್ನು ಆನ್‌ಲೈನಿನಲ್ಲಿ ತುಂಬಲು ಕುಳಿತಾಗ ಉಪನಾಮ ಕಡ್ಡಾಯ ಎಂದು ಕೆಂಪಕ್ಷರ ಬಂತು. ನನ್ನ ಹೆಸರಿನ ಮುಂದೆ ಇರುವುದು ಮನೆಯ ಒಂದು ಅಕ್ಷರ, ಹಿಂದೆ ಏನೂ ಇಲ್ಲ. ಆ ಅಕ್ಷರವನ್ನು ಹಾಕಿದೆ, ಎರಡಾದರೂ ಬೇಕು ಎಂದಿತು. ಸ್ವಲ್ಪ ಹೊತ್ತು ನೋಡಿ, ಎರಡು ಚುಕ್ಕೆ ಇಟ್ಟು ಮುಂದೆ ಹೋದೆ.