ರಾಜ್ಯೋತ್ಸವ ಅಕ್ಟೋಬರ್ 31ಕ್ಕೆ ಬಂದದ್ದೇಕೆ: ವಿಭಾಗದ ಕ್ಯಾಲೆಂಡರ್ ಕೆಲಸದ ವರದಿ

ನಮ್ಮ ಸ್ನಾತಕೋತ್ತರ ವಿಭಾಗಕ್ಕೆಲ್ಲ ಒಂದೇ ಆಗಿರುವ ಕ್ಯಾಲೆಂಡರ್ ನಿನ್ನೆ ರಾತ್ರಿ ಹನ್ನೊಂದರ ಹೊತ್ತಿಗೆ ಸರಿಹೋಯಿತು. ಮೂರು ಸಂಜೆಗಳನ್ನು ನುಂಗಿದ ತಪ್ಪು ಇದ್ದದ್ದು ಒಂದೇ ಸಾಲಿನಲ್ಲಿ. ಭಾರತದಲ್ಲಿ ಕುಳಿತು ರಜೆಪಟ್ಟಿಯನ್ನು ಕ್ಯಾಲೆಂಡರಿಗೆ ಏರಿಸುವ ಯಾರಿಗಾದರೂ ಇದು ಎದುರಾಗಬಹುದಾದ್ದರಿಂದ, ಹುಡುಕಿದ ದಾರಿ ಮರೆತುಹೋಗುವ ಮೊದಲೇ ಬರೆದಿಡುತ್ತಿದ್ದೇನೆ.

ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿನ ಮೇಲೆ ಕ್ಯಾಲೆಂಡರ್ ಹಂಚುವ ರಾಡಿಕೇಲ್ ಸರ್ವರ್ ಹಾಕುವುದು, ಯಾರು ಓದಬಹುದು ಯಾರು ಬರೆಯಬಹುದು ಎಂಬ ಹಕ್ಕುಗಳ ಕಡತ ಸಿದ್ಧಪಡಿಸುವುದು, ಕಚೇರಿಯ ಕಂಪ್ಯೂಟರುಗಳಲ್ಲಿ ಕ್ಯಾಲೆಂಡರ್ ತೋರಿಸುವ ಥಂಡರ್‌ಬರ್ಡನ್ನೂ ಆಂಡ್ರಾಯ್ಡ್ ಫೋನುಗಳಲ್ಲಿ ಅದನ್ನು ಸರ್ವರಿನೊಂದಿಗೆ ಹೊಂದಿಸುವ ಡ್ಯಾವ್‌ಎಕ್ಸ್5 ಆ್ಯಪನ್ನೂ ಜೋಡಿಸುವುದು ಇವೆಲ್ಲ ಮಾಮೂಲಿ ಕೆಲಸಗಳು. ತರಗತಿ, ಪ್ರಯೋಗಾಲಯ, ಸೆಮಿನಾರ್ ಹಾಲ್, ರಜೆ ಎಂದು ನಾಲ್ಕು ಕ್ಯಾಲೆಂಡರುಗಳನ್ನು ಮಾಡಿದ್ದೇನೆ. ಇಷ್ಟು ವರ್ಷ ಸೆಮಿನಾರ್ ಹಾಲಿನ ಲೆಕ್ಕ ಇದ್ದದ್ದು ನೀಲಿ ರಟ್ಟಿನ ಒಂದು ರಿಜಿಸ್ಟರಿನಲ್ಲಿ. ಪೆನ್ಸಿಲಿನಲ್ಲಿ ಬರೆದು, ಅಳಿಸಿ, ಮತ್ತೆ ಬರೆದು ಅದರ ಮಾರ್ಚ್ ತಿಂಗಳ ಹಾಳೆ ನಡುವೆಯೇ ತೂತು ಬಿದ್ದಿದೆ.

ಹತ್ತು ದಿನಗಳ ಹಿಂದೆ ರಜೆಪಟ್ಟಿಯನ್ನು ಎಕ್ಸೆಲ್ ಹಾಳೆಯಿಂದ ಓದಿ, ಕ್ಯಾಲೆಂಡರುಗಳು ಅರಿಯುವ ಐಸಿಎಸ್ ಕಡತಗಳನ್ನಾಗಿಸುವ ಸಣ್ಣ ಜಾವಾಸ್ಕ್ರಿಪ್ಟ್ ಪ್ರೋಗ್ರಾಮ್ ಬರೆದು, ಎಲ್ಲವನ್ನೂ ಸರ್ವರಿಗೆ ಏರಿಸಿದ್ದೆ. ಸೋಮವಾರ ಕಚೇರಿಯ ಸೂಪರಿಂಟೆಂಡೆಂಟ್ ಮೇಡಂ ಫೋನ್ ತೋರಿಸಿ, "ಏನ್ ಸರ್, ಈ ಸಲ ರಾಜ್ಯೋತ್ಸವ ಒಂದು ದಿನ ಮುಂಚೆನೇ ಮುಗಿಸಿಬಿಡ್ತೀರಾ?" ಎಂದು ಕೇಳಿದರು. ನವೆಂಬರ್ 1, ಶನಿವಾರ ಇರಬೇಕಾದ ರಜೆ ಅಕ್ಟೋಬರ್ 31, ಶುಕ್ರವಾರಕ್ಕೆ ಬಂದು ಕುಳಿತಿತ್ತು. ಕ್ರಿಸ್‌ಮಸ್ ಕೂಡ ಡಿಸೆಂಬರ್ 24ಕ್ಕೆ ಜಾರಿತ್ತು.

ಅಕ್ಕಪಕ್ಕದವರು ನಕ್ಕರು, ನನಗೆ ನಗು ಬರಲಿಲ್ಲ. ನಮ್ಮಲ್ಲಿ ಶುಕ್ರವಾರ ಮತ್ತು ಶನಿವಾರ ತರಗತಿ ತೆಗೆದುಕೊಳ್ಳುವ ಅತಿಥಿ ಉಪನ್ಯಾಸಕಿಯೊಬ್ಬರು ಎರಡು ತಾಸು ಬಸ್ಸಿನಲ್ಲಿ ಬರುತ್ತಾರೆ, ಅವರಿಗೆ ಸಂಬಳ ತಾಸಿನ ಲೆಕ್ಕದಲ್ಲಿ. ಈ ಕ್ಯಾಲೆಂಡರ್ ನಂಬಿದ್ದರೆ ಶುಕ್ರವಾರದ ಪಾಠ ತಪ್ಪಿ, ಶನಿವಾರ ಬೀಗ ಹಾಕಿದ ವಿಭಾಗದ ಮುಂದೆ ಅವರು ನಿಲ್ಲಬೇಕಾಗುತ್ತಿತ್ತು.

ಮೊದಲ ಅನುಮಾನ ಹೋದದ್ದು ಪೈ ಮೇಲೆ. ಅದರೊಳಗೆ ಬ್ಯಾಟರಿಯಿಂದ ನಡೆಯುವ ಗಡಿಯಾರವಿಲ್ಲ; ಕರೆಂಟು ಹೋಗಿ ಬಂದರೆ, ನೆಟ್‌ವರ್ಕಿನಿಂದ ಸಮಯ ಸಿಗುವವರೆಗೆ ಅದು ಹಳೆಯ ಗಳಿಗೆಯಲ್ಲೇ ಇರುತ್ತದೆ. ಅದಕ್ಕೆಂದೇ ಡಿಎಸ್3231 ಎಂಬ ಗಡಿಯಾರದ ಮಾಡ್ಯೂಲ್ ತರಿಸಿದ್ದೆ. ಬಂದ ಪೊಟ್ಟಣದ ಮೇಲೆ ಸರಿಯಾದ ಹೆಸರೇ ಇತ್ತು, ಒಳಗಿದ್ದದ್ದು ಮಾತ್ರ ಡಿಎಸ್1307. ಅಂಗಡಿಗೆ ಫೋನ್ ಮಾಡಿದರೆ, "ಎರಡೂ ಒಂದೇ ಕೆಲಸ ಮಾಡ್ತವೆ ಸರ್" ಎಂಬ ಉತ್ತರ. ಎರಡೂ ಒಂದೇ ಅಲ್ಲ. ಮೊದಲನೆಯದು ತಾಪಮಾನದ ಏರಿಳಿತವನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ, 3.3 ವೋಲ್ಟಿನಲ್ಲಿ ನಡೆಯುತ್ತದೆ. ಎರಡನೆಯದಕ್ಕೆ 5 ವೋಲ್ಟ್ ಬೇಕು, ಅದನ್ನು ಪೈನ ಪಿನ್ನುಗಳಿಗೆ ನೇರವಾಗಿ ಜೋಡಿಸುವುದು ಅಪಾಯ. ಬಿಡಿಭಾಗ ಮಾರುವವರು ಇಷ್ಟನ್ನಾದರೂ ತಿಳಿದಿರಬೇಕೆಂದು ನಿರೀಕ್ಷಿಸುವುದು ಹೆಚ್ಚಿನ ಮಾತಲ್ಲ. ಕೊನೆಗೆ ನೋಡಿದರೆ ಗಡಿಯಾರಕ್ಕೂ ಈ ತಪ್ಪಿಗೂ ಸಂಬಂಧವೇ ಇರಲಿಲ್ಲ, ಏಕೆಂದರೆ ರಾಡಿಕೇಲ್ ತನಗೆ ಕೊಟ್ಟ ದಿನಾಂಕವನ್ನು ತಿದ್ದುವುದಿಲ್ಲ. ಒಂದೊಂದು ಕಾರ್ಯಕ್ರಮವನ್ನೂ ಒಂದೊಂದು ಪಠ್ಯಕಡತವಾಗಿ ಫೋಲ್ಡರಿನಲ್ಲಿಡುತ್ತದೆ. ತೆರೆದು ಕಣ್ಣಾರೆ ಓದಬಹುದು. ತೆರೆದೆ, 20251031 ಎಂದೇ ಇತ್ತು. ಅಂದರೆ ತಪ್ಪು ಸರ್ವರಿಗೆ ಬರುವ ಮೊದಲೇ ಆಗಿತ್ತು.

ಅದೇ ಪ್ರೋಗ್ರಾಮನ್ನು ಅದೇ ಹಾಳೆಯೊಂದಿಗೆ ಪೈ ಮೇಲೆ ಓಡಿಸಿದಾಗ ರಾಜ್ಯೋತ್ಸವ ನವೆಂಬರ್ 1ಕ್ಕೇ ಬಂತು. ಲ್ಯಾಪ್‌ಟಾಪಿನಲ್ಲಿ ಓಡಿಸಿದರೆ ಮತ್ತೆ 31. ಲ್ಯಾಪ್‌ಟಾಪಿನದೇ ದೋಷವೆಂದು ತೀರ್ಮಾನಿಸಿ, ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಸಾಫ್ಟ್‌ವೇರನ್ನು ತೆಗೆದು ಹೊಸದಾಗಿ ಹಾಕಿದ್ದರಲ್ಲಿ ಎರಡನೆಯ ಸಂಜೆ ಕಳೆಯಿತು, ಫಲ ಸಿಗಲಿಲ್ಲ.

ಮೂರನೆಯ ಸಂಜೆ, ಲಾಗ್ ಓದುವಾಗ ಪ್ರತಿ ಸಲ ಐದೂವರೆ ತಾಸು ಕೂಡಿಸುವುದು ಬೇಸರವಾಗಿ, ಯುಟಿಸಿ ಎಂಬ ಜಾಗತಿಕ ಸಮಯದಲ್ಲಿದ್ದ ಪೈನ ಸಮಯವಲಯವನ್ನು ಭಾರತದ ಏಷ್ಯಾ/ಕೋಲ್ಕತಾಕ್ಕೆ ಬದಲಿಸಿದೆ. ಮತ್ತೊಮ್ಮೆ ಪ್ರೋಗ್ರಾಮ್ ಓಡಿಸಿದಾಗ ಅಲ್ಲಿಯೂ ರಾಜ್ಯೋತ್ಸವ ಅಕ್ಟೋಬರ್ 31ಕ್ಕೆ ಹೋಯಿತು. ಸರಿಯಿದ್ದದ್ದು ಕಣ್ಣೆದುರೇ ಕೆಟ್ಟಾಗ ಬೀಗದ ಕೈ ಸಿಕ್ಕಿತು. ಪ್ರೋಗ್ರಾಮ್ ಲೆಕ್ಕದ ನಡುವೆ ಹಿಡಿದಿಡುವ ದಿನಾಂಕವನ್ನು ಪರದೆಗೆ ತಂದು ನೋಡಿದೆ: ದಿನಾಂಕ 2025-10-31, ಸಮಯ 18:30, ಕೊನೆಯಲ್ಲಿ ಯುಟಿಸಿಯನ್ನು ಸೂಚಿಸುವ ಝಡ್ ಅಕ್ಷರ. ನಮ್ಮ ನವೆಂಬರ್ 1ರ ಮಧ್ಯರಾತ್ರಿ ಹನ್ನೆರಡು ಗಂಟೆಯೆಂದರೆ ಯುಟಿಸಿಯಲ್ಲಿ ಹಿಂದಿನ ದಿನದ ಸಂಜೆ ಆರೂವರೆ. ನನ್ನ ಪ್ರೋಗ್ರಾಮ್ ಹಾಳೆಯ ದಿನಾಂಕವನ್ನು ಸ್ಥಳೀಯ ಮಧ್ಯರಾತ್ರಿಯೆಂದು ಹಿಡಿದು, ಟುಐಎಸ್‌ಒಸ್ಟ್ರಿಂಗ್ ಎಂಬ ಜಾವಾಸ್ಕ್ರಿಪ್ಟ್ ಆದೇಶದ ಮೂಲಕ ಯುಟಿಸಿಗೆ ತಿರುಗಿಸಿ, ಬಂದದ್ದರ ಮೊದಲ ಹತ್ತು ಅಕ್ಷರಗಳನ್ನು ಕತ್ತರಿಸಿಕೊಳ್ಳುತ್ತಿತ್ತು. ಯುಟಿಸಿಯಲ್ಲಿದ್ದ ಪೈಗೆ ಕಳೆಯಲು ಐದೂವರೆ ತಾಸೇ ಇರಲಿಲ್ಲವಾದ್ದರಿಂದ ಅಲ್ಲಿ ತಪ್ಪು ಕಾಣಿಸಿರಲಿಲ್ಲ.

ಪರಿಹಾರ ಸರಳ. ರಜೆ ಎಂಬುದು ಒಂದು ಗಳಿಗೆಯಲ್ಲ, ಒಂದು ದಿನ. ಐಸಿಎಸ್ ಕಡತಗಳ ನಿಯಮ ಹೇಳುವ 2009ರ ಆರ್‌ಎಫ್‌ಸಿ 5545 ಕೂಡ ಇಡೀ ದಿನದ ಕಾರ್ಯಕ್ರಮಕ್ಕೆ ಗಂಟೆಯೂ ವಲಯವೂ ಇಲ್ಲದ ಬರಿಯ ದಿನಾಂಕವನ್ನೇ ಕೊಡಲು ಅವಕಾಶ ಮಾಡಿದೆ. ಹೀಗಾಗಿ ವರ್ಷ, ತಿಂಗಳು, ದಿನವನ್ನು ಹಾಳೆಯಿಂದ ಪಠ್ಯವಾಗಿಯೇ ತೆಗೆದು, ಎಂಟು ಅಂಕಿಗಳನ್ನು ಜೋಡಿಸಿ ಬರೆದೆ. ಸಮಯದ ಲೆಕ್ಕವನ್ನೇ ಮುಟ್ಟಲಿಲ್ಲ.

ಆದರೂ ಶನಿವಾರ ರಜೆಯ ಪಟ್ಟಿಯ ಕೆಳಗೆ ಹತ್ತು ಗಂಟೆಯ ಪ್ರಯೋಗಾಲಯ ಹಾಗೆಯೇ ಉಳಿದಿತ್ತು. ವಾರವಾರ ಮರುಕಳಿಸುವ ತರಗತಿಯಿಂದ ಒಂದು ದಿನವನ್ನು ಬಿಡಿಸುವ ಎಕ್ಸ್‌ಡೇಟ್ ಸಾಲಿನಲ್ಲಿ ನಾನು ದಿನಾಂಕವನ್ನಷ್ಟೇ ಕೊಟ್ಟಿದ್ದೆ. ತರಗತಿಯ ಆರಂಭಕ್ಕೆ ಗಂಟೆಯೂ ವಲಯವೂ ಇದ್ದರೆ ಬಿಡಿಸುವ ಸಾಲಿನಲ್ಲಿಯೂ ಅವೇ ಇರಬೇಕು, ಇಲ್ಲದಿದ್ದರೆ ಎರಡೂ ಹೊಂದಿಕೊಳ್ಳುವುದಿಲ್ಲ. ಜೊತೆಗೆ, ಪ್ರೋಗ್ರಾಮ್ ಓಡಿದಾಗಲೆಲ್ಲ ರಜೆಗಳಿಗೆ ಹೊಸ ಯುಐಡಿ, ಅಂದರೆ ಗುರುತಿನ ಹೆಸರು, ಹುಟ್ಟಿ ಹಳೆಯ ರಜೆಗಳು ಅಳಿಯದೆ ಉಳಿಯುತ್ತಿದ್ದುದನ್ನೂ ಸರಿಪಡಿಸಿ, ರಜೆಯ ಹೆಸರು ಮತ್ತು ವರ್ಷದಿಂದಲೇ ಯುಐಡಿ ಕಟ್ಟುವಂತೆ ಮಾಡಿದೆ.

ಮುಂದಿನ ಕೆಲಸ ಸೆಮಿನಾರ್ ಹಾಲಿನ ಬಾಗಿಲಿಗೆ. ಇಎಸ್‌ಪಿ32 ಎಂಬ ಚಿಪ್ ಮತ್ತು 4.2 ಇಂಚಿನ, ಕಾಗದದಂತೆ ಕಾಣುವ ಇ-ಪೇಪರ್ ಪರದೆ ಹಾಕಿ ಆ ದಿನದ ಬುಕಿಂಗ್‌ಗಳನ್ನು ಅಲ್ಲೇ ತೋರಿಸಬೇಕೆಂದಿದ್ದೇನೆ, ಅದೂ ಕನ್ನಡದಲ್ಲಿ. ಆ ಪುಟ್ಟ ಚಿಪ್ಪಿನ ಸಾಮಾನ್ಯ ಅಕ್ಷರ ಲೈಬ್ರರಿಗಳಲ್ಲಿ ಒತ್ತಕ್ಷರಗಳು ಕೂಡಿಕೊಳ್ಳುವುದಿಲ್ಲ. "ಸಂಶೋಧನಾರ್ಥಿ" ಎಂಬ ಪದದ ಅರ್ಕಾವತ್ತು ಬಿಡಿಯಾಗಿ ಬಿದ್ದಿರುತ್ತದೆ. ಆದ್ದರಿಂದ ಪೈನಲ್ಲಿಯೇ ಚಿತ್ರ ಬರೆಯುವ ಪಿಲ್ಲೋ ಮತ್ತು ಅಕ್ಷರಗಳನ್ನು ಸರಿಯಾಗಿ ಕೂಡಿಸುವ ರಾಕ್ಮ್ ಲೈಬ್ರರಿಗಳಿಂದ ಇಡೀ ಫಲಕವನ್ನು ಚಿತ್ರವಾಗಿ ಮಾಡಿ ಪರದೆಗೆ ಕಳಿಸುವ ಯೋಚನೆಯಿದೆ. ಪರದೆಯನ್ನು ಬೇರೆ ಅಂಗಡಿಯಿಂದ ತರಿಸುತ್ತೇನೆ.

ಇಂದು ಬೆಳಿಗ್ಗೆ ಮೇಡಂ ಫೋನಿನಲ್ಲಿ ಸಿಂಕ್ ಒತ್ತಿಸಿ ನೋಡಿದೆ. ಶುಕ್ರವಾರ ಎರಡು ತರಗತಿ, ಶನಿವಾರ ಕನ್ನಡ ರಾಜ್ಯೋತ್ಸವದ ಒಂದೇ ಪಟ್ಟಿ. ಅತಿಥಿ ಉಪನ್ಯಾಸಕಿಗೂ ಕರೆ ಮಾಡಿ ಸಿಂಕ್ ಮಾಡಲು ಹೇಳಿದೆ. ಅವರು ಎರಡು ದಿನಗಳನ್ನೂ ನೋಡಿಕೊಂಡು, "ಹಾಗಾದ್ರೆ ಶುಕ್ರವಾರ ಆರೂವರೆ ಬಸ್ಸಿಗೇ ಹೊರಡ್ತೀನಿ ಸರ್" ಎಂದರು.