ಮಲ್ಪೆಯ ಐಸ್ ಪ್ಲಾಂಟ್ ಮತ್ತು ಕೋಡ್ 30

ಜೂನ್, ಜುಲೈಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆಗಸ್ಟ್ ಬಂತೆಂದರೆ ಮಲ್ಪೆಯಲ್ಲಿ ಎಲ್ಲರಿಗೂ ಒಟ್ಟಿಗೇ ಐಸ್ ಬೇಕು. ಅಂಥ ಹೊತ್ತಿನಲ್ಲೇ ಪರಿಚಯದವರ ಐಸ್ ಪ್ಲಾಂಟಿನ ಕಂಟ್ರೋಲರ್ ರಾತ್ರಿ ತನ್ನಷ್ಟಕ್ಕೆ ರೀಸೆಟ್ ಆಗತೊಡಗಿತು. ಉಪ್ಪುನೀರಿನ ಟ್ಯಾಂಕ್ ಎಷ್ಟು ತಣ್ಣಗಿದೆ ಎಂದು ನೋಡಿ ಪಂಪು, ಮೋಟರುಗಳನ್ನು ನಡೆಸುವ ಸಣ್ಣ ಬೋರ್ಡ್ ಅದು. ಮಾಡಿಕೊಟ್ಟವರು ಫೋನ್ ಎತ್ತುತ್ತಿರಲಿಲ್ಲ. ಸೋರ್ಸ್ ಕೋಡ್ ಕೊಟ್ಟು ಹೋಗಿದ್ದರು, ಪುಣ್ಯ.

"ಕರೆಂಟ್ ಹೋಗ್ಲೇ ಇಲ್ಲ ಮಾರಾಯ್ರೆ. ಲೈಟೆಲ್ಲ ಉರೀತಾ ಉಂಟು, ಇದು ಮಾತ್ರ ಟಕಟಕ ಹೇಳ್ತದೆ" ಎಂದರು ಆಪರೇಟರ್. ಬೆಳಿಗ್ಗೆ ನಾನು ಹೋಗಿ ನೋಡಿದರೆ ಬೋರ್ಡ್ ಸುಮ್ನೆ ಕೆಲಸ ಮಾಡುತ್ತಿರುತ್ತಿತ್ತು.

ಕೋಡಿನಲ್ಲಿ ಲಾಗ್, ಅಂದರೆ ಏನೇನು ನಡೆಯಿತೆಂಬ ದಾಖಲೆ, ಇರಲಿಲ್ಲ ಅಂತಲ್ಲ. ಲ್ಯಾಪ್‌ಟಾಪ್ ಜೋಡಿಸಿ ಓದುವ ಸೀರಿಯಲ್ ಪೋರ್ಟಿಗೆ ಉದ್ದುದ್ದ ಇಂಗ್ಲಿಷ್ ವಾಕ್ಯಗಳನ್ನು ಕಳಿಸುತ್ತಿತ್ತು. ರಾತ್ರಿ ಎರಡು ಗಂಟೆಗೆ ಅಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂರುವವರು ಯಾರು? ಇಂಥ ಕಡೆ ವಾಕ್ಯಕ್ಕಿಂತ ನಂಬರೇ ಲೇಸು. ಐಬಿಎಂ 1984ರಲ್ಲಿ ತಂದ ಪಿಸಿ ಎಟಿ ಕಂಪ್ಯೂಟರಿನಲ್ಲೇ ಈ ಉಪಾಯ ಇತ್ತು. ಕಂಪ್ಯೂಟರನ್ನು ಎಬ್ಬಿಸುವ ಪ್ರೋಗ್ರಾಂ ಬಯಾಸ್ ಪ್ರತಿ ಹಂತಕ್ಕೂ ಒಂದು ನಂಬರನ್ನು ಹೆಕ್ಸ್ 80ನೇ ಪೋರ್ಟಿಗೆ ಬರೆಯುತ್ತದೆ. ಯಂತ್ರ ನಿಂತರೆ ಕೊನೆಯ ನಂಬರ್ ನೋಡಿದರಾಯಿತು. ಕ್ರೋಮ್‌ಬುಕ್‌ನ ಎಂಬೆಡೆಡ್ ಕಂಟ್ರೋಲರ್ ಎಂಬ ಸಣ್ಣ ಸಹಾಯಕ ಚಿಪ್ ಈ ನಂಬರುಗಳ ಸಾಲನ್ನೇ ನೆನಪಿಟ್ಟುಕೊಳ್ಳುತ್ತದೆ.

ನಾನೂ ಹಾಗೇ ಮಾಡಿದೆ. ಗಡಿಯಾರ ಸರಿಪಡಿಸುವುದು 10, ಸೆನ್ಸರ್ 20, ರಿಲೇ (ಪಂಪು, ಮೋಟರುಗಳನ್ನು ಆನ್-ಆಫ್ ಮಾಡುವ ಸ್ವಿಚ್ಚು) ಪರೀಕ್ಷೆ 30, ಮಾಮೂಲಿ ಓಟ 90. ಮುಂದೆ ನಡುವೆ ಏನಾದರೂ ತೂರಿಸಬೇಕಾದರೆ ಇರಲಿ ಅಂತ ಹತ್ತರ ಅಂತರ. ಈ ನಂಬರೇ ಕೋಡ್. ಅದನ್ನು ಹಂತ ಶುರುವಾಗುವ ಮೊದಲೇ ಬರೆಯಬೇಕು. ಮುಗಿದ ಮೇಲೆ ಬರೆದರೆ, ಸಿಕ್ಕಿಬಿದ್ದ ಹಂತದ ಹೆಸರೇ ಲಾಗಿನಲ್ಲಿ ಇರುವುದಿಲ್ಲ, ಅಲ್ವಾ?

ಎಲ್ಲಿ ಬರೆಯುವುದು ಎಂಬುದೇ ದೊಡ್ಡ ತಲೆನೋವು. ಚಿಪ್ ಎಟಿಮೆಗಾ328ಪಿ. ಅದರ ಈಪ್ರಾಮ್ (ಕರೆಂಟ್ ಹೋದರೂ ಅಳಿಯದ ನೆನಪು) 1024 ಬೈಟು, ಒಂದು ಜಾಗದಲ್ಲಿ 1,00,000 ಸಲ ಬರೆಯಬಹುದು. ಜಾಸ್ತಿ ಅನ್ನಿಸುತ್ತದೆ, ಆದರೆ ಸೆಕೆಂಡಿಗೊಮ್ಮೆ ರೀಸೆಟ್ ಆಗುವ ಬೋರ್ಡು ಒಂದೇ ಜಾಗದಲ್ಲಿ ಬರೆದರೆ ಅದು ಒಂದೂವರೆ ದಿನಕ್ಕೂ ಸಾಲದು. ವೋಲ್ಟೇಜ್ ಇಳಿಯುವಾಗ ಬರೆಯಹೋದರೆ ಡೇಟಾ ಕೆಡುವ ಭಯ ಬೇರೆ. ಹಾಗಾಗಿ ಕೋಡನ್ನು ರ್‍ಯಾಮ್‌ನಲ್ಲಿ, ಶುರುವಿನಲ್ಲಿ ಸೊನ್ನೆ ಮಾಡದ ಒಂದು ಮೂಲೆಯಲ್ಲಿ ಇಟ್ಟೆ. ಪಕ್ಕದಲ್ಲಿ ಅದರದೇ ತಲೆಕೆಳಗು ಬಿಟ್ಟುಗಳು, 0 ಇದ್ದಲ್ಲಿ 1, 1 ಇದ್ದಲ್ಲಿ 0. ಎರಡೂ ತಾಳೆಯಾದರೆ ಮಾತ್ರ ನಂಬುವುದು. ಮುಂದಿನ ಬೂಟಿನಲ್ಲಿ ಆ ಕೋಡನ್ನೂ ರೀಸೆಟ್ಟಿನ ಕಾರಣವನ್ನೂ ಈಪ್ರಾಮ್‌ನಲ್ಲಿ ಒಂದೊಂದು ಸಲ ಒಂದೊಂದು ಜಾಗದಲ್ಲಿ, ಸುತ್ತು ಸುತ್ತಾಗಿ ಬರೆಯುವುದು.

ಕಾರಣ ಹೇಳುವ ರಿಜಿಸ್ಟರ್ ಈ ಚಿಪ್ಪಿನಲ್ಲೇ ಇದೆ. ಎಲ್ಲಕ್ಕಿಂತ ಮೊದಲು ಅದನ್ನು ಓದಿಕೊಳ್ಳಬೇಕು. ಹೊಸ ಪ್ರೋಗ್ರಾಂ ತುಂಬಲೆಂದು ಮೊದಲು ಓಡುವ ಕೆಲವು ಬೂಟ್‌ಲೋಡರ್‌ಗಳು ಅದನ್ನು ಒರೆಸಿಬಿಡುತ್ತವೆ. ನಾನು ಬೂಟ್‌ಲೋಡರನ್ನೇ ಕಿತ್ತುಹಾಕಿದೆ. ಕರೆಂಟ್ ಕೊಟ್ಟಾಗ ಪವರ್‌ಆನ್ ಗುರುತಿನ ಜೊತೆ ವೋಲ್ಟೇಜ್ ಕುಸಿತದ, ಅಂದರೆ ಬ್ರೌನ್‌ಔಟ್ ಗುರುತೂ ಬರಬಹುದು. ಬ್ರೌನ್‌ಔಟ್ ಒಂದೇ ಬಂದರೆ ಮಾತ್ರ ವೋಲ್ಟೇಜ್ ಕುಸಿದಿದೆ ಅಂತ.

ಲಾಗ್ ಹೊರತೆಗೆದಾಗ ಕಂಡದ್ದು: ಬ್ರೌನ್‌ಔಟ್ 90, ಆಮೇಲೆ ಬ್ರೌನ್‌ಔಟ್ 30, ಮತ್ತೆ 30, 30, 30.

ಒಂದಲ್ಲ, ಎರಡು ತೊಂದರೆ. ರಾತ್ರಿ ಎರಡನೇ ಕಂಪ್ರೆಸರ್ ಶುರುವಾಗುವಾಗ ವೋಲ್ಟೇಜ್ ಒಂದು ಕ್ಷಣ ತಗ್ಗುತ್ತಿತ್ತು. ಅದು 90. ಬೋರ್ಡ್ ಮತ್ತೆ ಎದ್ದಾಗ ಎಲ್ಲ ರಿಲೇಗಳನ್ನೂ ಒಟ್ಟಿಗೇ ಎಳೆದು ಪರೀಕ್ಷೆ ಮಾಡುತ್ತಿತ್ತು. ಉಪ್ಪುಗಾಳಿಯಲ್ಲಿ ಕಿಲುಬು ಹಿಡಿದಿದ್ದ ಪವರ್ ಸಪ್ಲೈಗೆ ಆ ಭಾರ ತಡೆಯುತ್ತಿರಲಿಲ್ಲ, ಮತ್ತೆ ರೀಸೆಟ್. ಆಪರೇಟರ್ ಕೇಳಿದ ಟಕಟಕ ಅದೇ. ಇಷ್ಟಕ್ಕೂ ಎಲ್ಲ ರಿಲೇಗಳನ್ನು ಒಂದೇ ಏಟಿಗೆ ಪರೀಕ್ಷಿಸುವ ಐಡಿಯಾ ಯಾರ ತಲೆಯದ್ದೋ!

ರಿಲೇಗಳನ್ನು ಒಂದೊಂದಾಗಿ ಪರೀಕ್ಷಿಸುವಂತೆ ತಿದ್ದಿದೆ, ಸಪ್ಲೈ ಬದಲಾಯಿಸಿದೆವು. 30 ಮತ್ತೆ ಬಂದಿಲ್ಲ. 90 ಆಗೊಮ್ಮೆ ಈಗೊಮ್ಮೆ ಬರುತ್ತದೆ, ಬೋರ್ಡ್ ತಾನೇ ಎದ್ದುಕೊಳ್ಳುತ್ತದೆ. ಕಂಪ್ರೆಸರಿನ ಸ್ಟಾರ್ಟರನ್ನು ಎಲೆಕ್ಟ್ರಿಷಿಯನ್‌ಗೆ ತೋರಿಸಿ ಎಂದು ಮಾಲೀಕರಿಗೆ ಹೇಳಿದ್ದೇನೆ. "ಸೀಸನ್ ಮುಗೀಲಿ, ನೋಡುವ" ಎಂದಿದ್ದಾರೆ.