ಕ್ಲೌಡ್ ಚೇಂಬರ್: ಮೂರನೆಯ ಪ್ರಯತ್ನದಲ್ಲಿ ಗೆರೆ ಮೂಡಿತು

ಕಣ್ಣಿಗೆ ಕಾಣದ ಕಣಗಳು ಹಾದ ದಾರಿಯನ್ನು ಮಂಜಿನ ಗೆರೆಯಾಗಿ ತೋರಿಸುವ ಪೆಟ್ಟಿಗೆಯೇ ಕ್ಲೌಡ್ ಚೇಂಬರ್. ನನ್ನದರಲ್ಲಿ ನಿನ್ನೆ ರಾತ್ರಿ ಕೊನೆಗೂ ಗೆರೆ ಮೂಡಿತು. ಕಪ್ಪು ತಗಡಿನಿಂದ ತುಸುವೇ ಮೇಲೆ ಬಿಳಿ ನೂಲಿನಂಥದೊಂದು ಎಳೆ ಹುಟ್ಟಿ, ನಾನು ಉಸಿರು ಬಿಡುವಷ್ಟರಲ್ಲಿ ಕರಗಿಹೋಯಿತು.

ಮೊದಲ ಸಲ ಕೆಟ್ಟದ್ದು ಗಾಜಿನ ಪೆಟ್ಟಿಗೆಯ ಅಂಚಿನಲ್ಲಿ ಗಾಳಿ ನುಸುಳಿದ್ದರಿಂದ; ಮಂಜು ಸುಳಿಯುತ್ತಲೇ ಇತ್ತು, ನೆಲೆ ನಿಲ್ಲಲಿಲ್ಲ. ಎರಡನೆಯ ಸಲ ತಗಡಿನಡಿಯ ಡ್ರೈ ಐಸಿನ (ಗಟ್ಟಿಗಟ್ಟಿದ ಇಂಗಾಲದ ಡೈಆಕ್ಸೈಡ್) ದೊಡ್ಡ ತುಂಡುಗಳ ನಡುವೆ ಸಂದು ಉಳಿದು ತಗಡು ಅಲ್ಲಲ್ಲಿ ಮಾತ್ರ ತಣ್ಣಗಾಗಿತ್ತು. ಈ ಸಲ ಅದನ್ನು ಪುಡಿಮಾಡಿ ಸಮನಾಗಿ ಹಾಸಿದೆ, ಅಂಚನ್ನು ಭದ್ರವಾಗಿ ಮುಚ್ಚಿದೆ. ಕೈಗವಸು, ತೆರೆದ ಕಿಟಕಿ, ಹತ್ತಿರದಲ್ಲಿ ಬೆಂಕಿ ಇಲ್ಲದಿರುವುದು: ಈ ಮೂರರಲ್ಲಿ ರಾಜಿ ಇಲ್ಲ.

ಮೇಲಿನ ಫೆಲ್ಟ್ ಬಟ್ಟೆಯಿಂದ ಐಸೊಪ್ರೊಪೈಲ್ ಆಲ್ಕೊಹಾಲ್ ಆವಿ ಕೆಳಗಿಳಿಯುತ್ತದೆ. ಡ್ರೈ ಐಸಿನ ತಾಪಮಾನ ಸುಮಾರು -78 ಡಿಗ್ರಿ ಸೆಲ್ಸಿಯಸ್. ತಗಡಿನ ಹತ್ತಿರದ ಆವಿ ಹನಿಗಟ್ಟಲು ಕಾದು ನಿಂತಿರುತ್ತದೆ; ಹಾದುಹೋಗುವ ಕಣ ಬಿಟ್ಟ ಅಯಾನುಗಳೇ, ಅಂದರೆ ವಿದ್ಯುದಾವೇಶ ಪಡೆದ ಪರಮಾಣು, ಅಣುಗಳೇ ಅದಕ್ಕೆ ಬೀಜ. 1911ರಲ್ಲಿ ಸ್ಕಾಟ್ಲೆಂಡಿನ ಭೌತವಿಜ್ಞಾನಿ ಸಿ.ಟಿ.ಆರ್. ವಿಲ್ಸನ್ ಗೆರೆಗಳನ್ನು ಕಂಡದ್ದು ಗಾಳಿಯನ್ನು ಥಟ್ಟನೆ ಹಿಗ್ಗಿಸುವ ಉಪಕರಣದಲ್ಲಿ, ಅದೂ ಕ್ಷಣಮಾತ್ರ. ನನ್ನ ಪೆಟ್ಟಿಗೆಯಲ್ಲಿ ತಣ್ಪು ಇರುವವರೆಗೂ ನೋಡುತ್ತ ಕೂರಬಹುದು. ಕೂತೆ.

ಗಿಡ್ಡಗೆ ದಪ್ಪಗಿನ ಗೆರೆಗಳು ಆಲ್ಫಾ ಕಣಗಳದು (ವಿಕಿರಣಶೀಲ ಪರಮಾಣು ಹೊರಸೂಸುವ ಹೀಲಿಯಂ ಬೀಜಕೇಂದ್ರ). ಅಂಕುಡೊಂಕಾಗಿ ಅಲೆಯುವ ಸಣ್ಣ ಎಳೆಗಳು ನಿಧಾನಗತಿಯ ಎಲೆಕ್ಟ್ರಾನ್‌ಗಳದು. ಉದ್ದಕ್ಕೆ ನೆಟ್ಟಗೆ ಹೋದವುಗಳಲ್ಲಿ ಹೆಚ್ಚಿನವು ಮ್ಯೂಆನ್‌ಗಳೆಂದು (ಎಲೆಕ್ಟ್ರಾನಿನ ಭಾರದ ಬಂಧು) ಬರೆದುಕೊಂಡಿದ್ದೇನೆ. ನನ್ನನ್ನು ಹಿಡಿದು ಕೂರಿಸಿದ್ದು ಇವೇ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ಸುಮಾರು ಹದಿನೈದು ಕಿಲೋಮೀಟರ್ ಎತ್ತರದ ಗಾಳಿಗೆ ಬಡಿದಾಗ ಹುಟ್ಟುವ ಮ್ಯೂಆನ್‌ನ ಸರಾಸರಿ ಆಯಸ್ಸು 2.2 ಮೈಕ್ರೊಸೆಕೆಂಡು. ಅಷ್ಟರಲ್ಲಿ ಬೆಳಕೂ 660 ಮೀಟರಿನಷ್ಟೇ ಸಾಗುತ್ತದೆ. ಆದರೂ ಮ್ಯೂಆನ್ ಇಲ್ಲಿಗೆ ಬರುತ್ತದೆ, ಏಕೆಂದರೆ ಬೆಳಕಿನ ವೇಗದ ಸಮೀಪ ಸಾಗುವಾಗ ಅದರ ಗಡಿಯಾರ ನಮಗೆ ನಿಧಾನವಾಗಿ ಕಾಣುತ್ತದೆ. ನೇರ ಮೇಲಿನಿಂದ ಬಂದದ್ದು ಈ ತೆಳು ಪದರದಲ್ಲಿ ಚುಕ್ಕೆಯಷ್ಟೇ ಆಗುತ್ತದೆ. ಓರೆಯಾಗಿ ಬಂದವು ಮಾತ್ರ ಗೆರೆ ಎಳೆಯುತ್ತವೆ.

ಇಂದು ಬಲೂನು. ಉಣ್ಣೆಗೆ ಉಜ್ಜಿ ಮುಚ್ಚಿದ ಕೋಣೆಯಲ್ಲಿ ನಲವತ್ತು ನಿಮಿಷ ತೂಗುಹಾಕಿ, ಗಾಳಿ ಬಿಟ್ಟು ಒಳಗಿಟ್ಟೆ. ದಪ್ಪ ಗೆರೆಗಳು ಬಲೂನಿನ ಸುತ್ತ ಮುಳ್ಳಿನಂತೆ ಸಿಡಿದವು! ಕೋಣೆಯ ಗಾಳಿಯಲ್ಲಿದ್ದ ರೇಡಾನ್ ಎಂಬ ವಿಕಿರಣಶೀಲ ಅನಿಲದ ಸಂತತಿ, ಅಂದರೆ ಅದು ಕ್ಷಯಿಸಿ ಉಳಿದ ಪರಮಾಣುಗಳು, ಉಜ್ಜಿದ ಬಲೂನಿನ ಸ್ಥಾಯಿ ವಿದ್ಯುತ್ತಿಗೆ ಸಿಕ್ಕಿ ಅಂಟಿದ್ದವು. ಆ ಸಂತತಿಯ ಸೀಸ-214ರ ಅರ್ಧಾಯುಷ್ಯ (ಅರ್ಧದಷ್ಟು ಪರಮಾಣುಗಳು ಕ್ಷಯಿಸಲು ಹಿಡಿಯುವ ಸಮಯ) ಸುಮಾರು 27 ನಿಮಿಷ, ಬಿಸ್ಮತ್-214ರದು 20. ಎರಡು ಗಂಟೆ ಕಳೆಯುವಷ್ಟರಲ್ಲಿ ಮುಳ್ಳುಗಳು ಬಹಳ ವಿರಳವಾಗಿದ್ದವು. ಮುಂದಿನ ಸಲ ಐದೈದು ನಿಮಿಷಕ್ಕೊಮ್ಮೆ ಎಣಿಸಿ ಬರೆದಿಡುತ್ತೇನೆ.